ಎರಡು ಬೆರಳು ತಗ್ಗು

ಚಿಲಿ ದೇಶದ ತೆಂಕಣ ತುದಿ, ಲೆಮುಯ್ ದ್ವೀಪ.
ಇಳಿತದ ಹೊತ್ತು. ದೋಣಿ ಬಿಟ್ಟು
ಕೆಸರಿನಲ್ಲಿ ನಡೆದೆ, ಹೆಗಲ ಚೀಲದಲ್ಲಿ
ಎರಡು ಸ್ಪ್ಯಾನರ್, ಬೆಸುಗೆ ದೀಪ, ತಾಮ್ರದ ತುಂಡು,
ಗುಳ್ಳೆ ಓಡುವ ಮಟ್ಟಪಟ್ಟಿ.

ಬಾಗಿಲಲ್ಲೇ ಹೇಳಿದಳು ದೊಮಿತಿಲಾ:
"ಒಲೆ ದಿನವಿಡೀ ಉರಿಯುತ್ತೆ, ಓಂದಿನಾ.
ನಲ್ಲಿಯಲ್ಲಿ ಬರೋದು ಮಾತ್ರ ಬೆಚ್ಚಗಿನ ಸುಳ್ಳು."
ಅವಳಿಗೆ ಉಣ್ಣೆ ತೊಳೆಯಬೇಕು,
ಕುರಿಯ ಜಿಡ್ಡು ಬಿಡುವಷ್ಟು ಬಿಸಿ ಬೇಕು.
ಗಂಡ ಬೆಲಾರ್ಮಿನೊನ ಮದ್ದು ಒಂದೇ: ಇನ್ನೊಂದು ಕೊರಡು.
ಆಗಲೂ ತಣ್ಣಗೇ? ಇನ್ನೊಂದು ಕೊರಡು.
ರಾತ್ರಿ ಕೊಳವೆಯೊಳಗೆ ಡಬ್ ಡಬ್ ಸದ್ದು.
ಮೊಮ್ಮಗಳು ನಾಯಾರೆತ್ ಅದಕ್ಕೆ ಹೆಸರಿಟ್ಟಿದ್ದಾಳೆ:
ದೊನ್ ಗೋಲ್ಪೆ, ಬಡಿಯುವ ಯಜಮಾನ.

ಮೊದಲು ಕಟ್ಟಿಗೆ. ಎರಡು ತುಂಡು ಬಡಿದು ನೋಡಿದೆ.
ಒಣಗಿದ್ದರೆ ಠಣ್ ಎನ್ನಬೇಕು;
ಒದ್ದೆ ಚಪ್ಪಲಿಯ ಹಾಗೆ ಧಪ್ ಎಂದಿತು.
"ಇದನ್ನು ಉರಿಸೋದಂದರೆ
ಮರದೊಳಗಿನ ನೀರು ಮೊದಲು ಕುದಿಸಿ
ಆಕಾಶಕ್ಕೆ ದಾನ ಮಾಡಿ
ಮಿಕ್ಕಿದ್ದರಲ್ಲಿ ಸ್ನಾನಕ್ಕೆ ಕಾಯಿಸಿಕೊಳ್ಳೋದು.
ಸೀಳಿ, ಸೂರಿನಡಿ ಒಟ್ಟು, ಎರಡು ಬೇಸಿಗೆ ಮುಟ್ಟಬೇಡ."
ಬೆಲಾರ್ಮಿನೊ ಟೋಪಿ ಸರಿಮಾಡಿಕೊಂಡ. ಅಷ್ಟೇ.

ಒಲೆ ಆರಿಸಿ ಹೊಗೆಗೊಳವೆ ಬಿಚ್ಚಿದೆ.
ಡಾಂಬರಿನಂಥ ಕರಿ, ಬೆರಳು ದಪ್ಪ.
ತಾಮ್ರದ ಸುರುಳಿಯ ಮೇಲೆ ಮಸಿಯ ಕಂಬಳಿ,
ಬೆಂಕಿಗೂ ನೀರಿಗೂ ನಡುವೆ
ಯಾರೋ ಮುನಿಸಿಕೊಂಡು ಮಲಗಿದ ಹಾಗೆ.
ಕೆರೆದೆ, ಕೆಮ್ಮಿದೆ, ಮತ್ತೆ ಕೆರೆದೆ.

ಆಮೇಲೆ ಕೊಳವೆಯ ಜಾಡು ಹಿಡಿದೆ.
ನೀರು ತಗ್ಗಿಗೆ ಹರಿಯುತ್ತದೆ, ನಿಜ.
ಕಾದ ನೀರಿಗೆ ಆ ಮಾತು ಒಪ್ಪಿಗೆಯಿಲ್ಲ.
ಅದು ಹಗುರಾಗಿ ಅಟ್ಟದ ಹಂಡೆಗೆ ಏರುತ್ತದೆ,
ತಣ್ಣನೆಯದು ಹಿಂಬಾಗಿಲಿನಿಂದ ಇಳಿದು
ಒಲೆಯ ಬಳಿ ತನ್ನ ಸರದಿಗೆ ಕಾಯುತ್ತದೆ.
ಪಂಪು ಬೇಡ, ಕರೆಂಟು ಬೇಡ.
ಎಲ್ಲೂ ತಲೆ ತಗ್ಗಿಸದ ಒಂದು ಏರು ಸಾಕು.

ಪಟ್ಟಿ ಇಟ್ಟೆ. ಗುಳ್ಳೆ ಜಾರಿತು.
ತೊಲೆಯ ಕೆಳಗೆ ನುಸುಳುವಲ್ಲಿ ಕೊಳವೆ
ಎರಡು ಬೆರಳು ತಗ್ಗಿ ಮತ್ತೆ ಏಳುತ್ತಿತ್ತು;
ತಗ್ಗಿನ ಈಚೆ ಗಾಳಿ ಗಂಟು ಕಟ್ಟಿ ಕೂತಿತ್ತು.
ಮೂಲೆಯ ಬೆಸುಗೆ ನೋಡಿದೆ.
ಒಂದು ಹನಿ ಹೆಚ್ಚು ತವರ,
ಬಲದಿಂದ ಎಡಕ್ಕೆ ಒರೆಸಿದ ಗುರುತು.
ನಾನು ಎಡಚಿ.
ಹನ್ನೊಂದು ವರ್ಷದ ಹಿಂದೆ, ನನ್ನ ಮೊದಲ ಮನೆ.
ತೊಲೆ ಕೊರೆಯಲು ಬೇಜಾರು, ಕೊನೆಯ ದೋಣಿಯ ಅವಸರ.

"ಇದು ನನ್ನದೇ ಕೆಲಸ," ಎಂದೆ.
ದೊಮಿತಿಲಾ ಬೆರಳು ಮಡಚಿದಳು:
ಹನ್ನೊಂದು ಚಳಿಗಾಲ, ಒಂದೊಂದಕ್ಕೆ ಮೂರು ಗಾಡಿ ಹೆಚ್ಚು.
"ಮೂವತ್ತಮೂರು ಗಾಡಿ."
ಬೈಗುಳವಲ್ಲ, ಅಂಗಡಿಯ ಚೀಟಿ ಓದಿದ ದನಿ.
"ಕೊಡಲಿ ಬೀಸಿದ್ದು ನಾನು," ಎಂದ ಬೆಲಾರ್ಮಿನೊ,
ತನ್ನ ಅಂಗೈ ತಾನೇ ನೋಡಿಕೊಳ್ಳುತ್ತ.
ಆಮೇಲೆ ಡ್ರಿಲ್ಲು ಎತ್ತಿ ನನ್ನ ಕೈಗೆ ಕೊಟ್ಟ.

ತೊಲೆ ಗಟ್ಟಿ ಮರ. ಸಂಜೆವರೆಗೆ ಹಿಡಿಯಿತು.
ಕೊಳವೆ ನೆಟ್ಟಗೆ ಏರಿತು;
ತುದಿಯಲ್ಲಿ ಉಗಿ ಉಸಿರಾಡಲು
ಬಾಯ್ತೆರೆದ ಸಣ್ಣ ನಳಿಗೆ ಬಿಟ್ಟೆ.
ಹಂಡೆ ಬರಿಮೈಯಲ್ಲಿ ನಿಂತಿತ್ತು.
ದೊಮಿತಿಲಾ ಮೂಲೆಯಿಂದ ಮೂಟೆ ಎಳೆದಳು,
ಕುರಿಯ ಹೊಟ್ಟೆಯಡಿಯ ಒರಟು ಉಣ್ಣೆ,
ಸಂತೆಯಲ್ಲಿ ಯಾರೂ ಮೂಸದ್ದು.
ಸುತ್ತಿದೆವು, ಗೋಣಿ ಹೊಲಿದೆವು.
ಕುರಿಯಂತೆಯೇ ಆಯಿತು, ಕಾಲಿಲ್ಲದ್ದು.

ಒಲೆ ಹೊತ್ತಿಸಿದೆವು,
ಪಕ್ಕದ ಮನೆಯಿಂದ ತಂದ ಒಣ ಸೌದೆಯಲ್ಲಿ.
ನಾಯಾರೆತ್ ಗೋಣಿಗೆ ಕಿವಿಯಿಟ್ಟಳು.
ಬಹಳ ಹೊತ್ತು.
"ದೊನ್ ಗೋಲ್ಪೆ ಸತ್ತುಹೋದನಾ?"
ನನಗೆ ಉತ್ತರ ಹೊಳೆಯಲಿಲ್ಲ.
"ಕೈ ತೊಳೆದುಕೋ," ಎಂದಳು ಅವಳಜ್ಜಿ ನನಗೆ.
ನಲ್ಲಿ ತಿರುಗಿಸಿದೆ,
ಚುರುಕ್ಕೆಂದು ಕೈ ಹಿಂದೆಳೆದುಕೊಂಡೆ.
ಮೂವರೂ ನಕ್ಕರು, ಮಗು ತಡವಾಗಿ.

ದುಡ್ಡು ಮುಟ್ಟಲಿಲ್ಲ.
ಅರ್ಧ ಚೀಲ ನೇರಳೆ ಆಲೂಗಡ್ಡೆ ಹೇರಿದರು, ಬೇಡವೆಂದರೂ.
ಕತ್ತಲ ನೀರಿನಲ್ಲಿ ದೋಣಿ ಸಾಗುವಾಗ
ನೆನಪಾಯಿತು: ಆ ವರ್ಷವೇ ಇನ್ನೂ ನಾಲ್ಕು ಮನೆ,
ಅದೇ ಕೈ, ಅದೇ ಅವಸರ.
ನಾಳೆ ಚೆಲಿನ್‌ಗೆ, ಎಂದೆ ದೋಣಿಯವನಿಗೆ.
ನಾಡಿದ್ದು ಅಪಿಯಾವೊಗೆ.
ಯಾರೂ ಕರೆದಿಲ್ಲ.